ನೀರಿನ ವಿಷಯ ಏನಂದ್ರು?

2016ರ ಮಾರ್ಚ್ 3ರ ರಾತ್ರಿ ಅಮ್ಮ ಕೇಳಿದ ಒಂದು ಪ್ರಶ್ನೆ ಇವತ್ತಿಗೂ ನನ್ನ ತಲೆಯಿಂದ ಹೋಗಿಲ್ಲ. ಆ ಚಳಿಗಾಲ ಅಮ್ಮ ಪಾವಗಡದ ಕಡೆಯ ನಮ್ಮೂರಿನಿಂದ ಮಿಷಿಗನ್‌ಗೆ ಬಂದಿದ್ದಳು, ನನ್ನ ಹೆಂಡತಿಯ ಬಾಣಂತನಕ್ಕೆ. ಮೊದಲ ಎರಡು ತಿಂಗಳು ಅತ್ತೆ ಇದ್ದು ಹೋಗಿದ್ದರು, ಆಮೇಲಿನ ಸರದಿ ಅಮ್ಮನದು. ಅವತ್ತು ಡೆಟ್ರಾಯಿಟ್‌ನ ಫಾಕ್ಸ್ ಥಿಯೇಟರ್‌ನಲ್ಲಿ ರಿಪಬ್ಲಿಕನ್ನರ ಪ್ರೈಮರಿ ಡಿಬೇಟ್ ಇತ್ತು. ಪ್ರೈಮರಿ ಅಂದರೆ ಅಧ್ಯಕ್ಷ ಚುನಾವಣೆಗೆ ಪಕ್ಷದ ಅಭ್ಯರ್ಥಿ ಯಾರಾಗಬೇಕು ಅಂತ ಜನರೇ ಓಟು ಹಾಕಿ ಆರಿಸೋದು. ಟ್ರಂಪ್, ಕ್ರೂಸ್, ರೂಬಿಯೋ, ಕೇಸಿಕ್ ನಾಲ್ಕು ಜನ. ನಾನು ಅಮೆರಿಕದ ನಾಗರಿಕನಾದ ಮೇಲೆ ಬಂದ ಮೊದಲ ಪ್ರೈಮರಿ ಅದು, ಹಾಗಾಗಿ ಎರಡೂ ಪಕ್ಷದವರ ಒಂದು ಡಿಬೇಟನ್ನೂ ಬಿಡಬಾರದು ಅಂತ ಹಟ ಹಿಡಿದಿದ್ದೆ. ಅಮ್ಮ ಸೋಫಾದ ಮೂಲೆಯಲ್ಲಿ ಎರಡು ಸ್ವೆಟರ್ ಹಾಕಿಕೊಂಡು, ಮಗುವನ್ನು ತೊಡೆ ಮೇಲೆ ಮಲಗಿಸಿಕೊಂಡು ಕೂತಿದ್ದಳು. ಅವಳಿಗೆ ಇಂಗ್ಲಿಷ್ ಬರೋದಿಲ್ಲ. ಎರಡು ಗಂಟೆ ಹೊತ್ತು ಬರೀ ಮುಖಗಳನ್ನೇ ನೋಡುತ್ತಿದ್ದಳು. ಮುಗಿದ ಮೇಲೆ ನನ್ನ ಕಡೆ ತಿರುಗಿ ಕೇಳಿದಳು: "ನೀರಿನ ವಿಷಯ ಏನಂದ್ರು ಕಣಪ್ಪ?"

ಅವಳು ಸುಮ್ನೆ ಕೇಳಿದ್ದಲ್ಲ. ಹಿಂದಿನ ಶನಿವಾರ ನಾವು ಮೂರು ಮನೆಯವರು ಸೇರಿ ಬಾಟಲಿ ನೀರಿನ ಕೇಸುಗಳನ್ನು ಕಾರುಗಳಿಗೆ ತುಂಬಿಕೊಂಡು ಫ್ಲಿಂಟ್‌ಗೆ ಹೋಗಿದ್ದೆವು. ಆ ಊರಿನ ನಲ್ಲಿ ನೀರಿಗೆ ಪೈಪುಗಳಿಂದ ಸೀಸದ ವಿಷ ಸೇರಿಕೊಂಡಿತ್ತು. ನಮ್ಮ ಮನೆಯಿಂದ ಒಂದು ಗಂಟೆ ದಾರಿ. ಅಮ್ಮನೂ ಬಂದಿದ್ದಳು. ಒಂದು ಚರ್ಚಿನ ಹಿಂಬಾಗಿಲಲ್ಲಿ ಹಿಮ ತುಳಿಯುತ್ತಾ ಕೇಸುಗಳನ್ನು ಇಳಿಸುವಾಗ, ಪಕ್ಕದಲ್ಲಿ ಒಬ್ಬ ಅಜ್ಜಿ ಮಕ್ಕಳನ್ನು ಕೂರಿಸೋ ಸಣ್ಣ ಗಾಡಿಯಲ್ಲಿ ಎರಡು ಕೇಸು ಇಟ್ಟುಕೊಂಡು ಎಳೆದುಕೊಂಡು ಹೋಗುತ್ತಿದ್ದಳು. ಅಮ್ಮ ಅವಳನ್ನೇ ನೋಡುತ್ತಾ ನಿಂತುಬಿಟ್ಟಳು. ವಾಪಸ್ ಬರುವಾಗ ಕಾರಿನಲ್ಲಿ ಕೇಳಿದ್ದು ಒಂದೇ ಮಾತು: "ಕುದಿಸಿದ್ರೂ ಹೋಗಲ್ಲ, ಅಲ್ವಾ?" ಹೋಗಲ್ಲ ಅಂದೆ. "ನಮ್ಮ ನೀರಿನ ಥರಾನೇ" ಅಂದಳು.

ಪಾವಗಡದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ನಮ್ಮ ಕಡೆ ಕೊಳವೆಬಾವಿ ನೀರಲ್ಲಿ ಫ್ಲೋರೈಡ್. ನೋಡೋಕೆ ತಿಳಿಯಾಗಿರುತ್ತೆ, ವಾಸನೆಯಿಲ್ಲ, ಕುದಿಸಿದರೆ ಕಡಿಮೆಯಾಗೋದಿಲ್ಲ. ನನ್ನ ಮುಂದಿನ ಹಲ್ಲುಗಳ ಮೇಲಿನ ಕಂದು ಗೆರೆ ಆ ನೀರಿನದೇ. ನಮ್ಮ ಬೀದಿಯ ಒಬ್ಬ ದೊಡ್ಡಮ್ಮನಿಗೆ ಐವತ್ತು ದಾಟುವ ಹೊತ್ತಿಗೆ ಬೆನ್ನು ನೆಟ್ಟಗೆ ಮಾಡೋಕೆ ಆಗುತ್ತಿರಲಿಲ್ಲ. ನಾನು ಹೈಸ್ಕೂಲಿನಲ್ಲಿದ್ದಾಗ ಓಟು ಕೇಳೋಕೆ ಜೀಪಿನಲ್ಲಿ ಬಂದವರನ್ನು ಅಮ್ಮ ಅರಳಿಕಟ್ಟೆ ಹತ್ತಿರ ಬಿಂದಿಗೆ ಹಿಡಿದುಕೊಂಡೇ ನಿಲ್ಲಿಸಿದ್ದಳು. ನೀರಿಗೆ ಏನು ಮಾಡ್ತೀರಿ ಸ್ವಾಮಿ ಅಂತ ಕೇಳಿದ್ದಳು. "ಆಗುತ್ತೆ ತಾಯಿ, ಆಗುತ್ತೆ" ಅಂದರು. ಜೀಪು ಹೊರಟಿತು. ಶುದ್ಧ ನೀರಿನ ಘಟಕ ಬಂದು, ನಾಣ್ಯ ಹಾಕಿ ಕ್ಯಾನ್ ತುಂಬಿಸಿಕೊಳ್ಳೋ ಕಾಲ ಬರೋಕೆ ಅಲ್ಲಿಂದ ಎಷ್ಟೋ ವರ್ಷ ಹಿಡಿಯಿತು. ಆದರೆ ಯಾರು ಮೈಕ್ ಹಿಡಿದು ಓಟು ಕೇಳಿದರೂ ಅಮ್ಮನ ಕಿವಿ ಇವತ್ತಿಗೂ ಹುಡುಕೋದು ಅದೊಂದು ಮಾತನ್ನೇ.

ಅವತ್ತಿನ ಡಿಬೇಟ್‌ನಲ್ಲಿ ಫ್ಲಿಂಟ್ ಬಗ್ಗೆ ಒಂದು ಪ್ರಶ್ನೆ ಬಂದಿದ್ದು ನಿಜ, ರೂಬಿಯೋಗೆ. ಅವರು ಒಂದು ಉತ್ತರ ಕೊಟ್ಟರು, ಮಾತು ಬೇರೆ ಕಡೆ ಹೋಯಿತು. ಆದರೆ ಆ ರಾತ್ರಿ ಯಾರ ಬಾಯಲ್ಲೂ ಉಳಿದದ್ದು ಅದಲ್ಲ. ಟ್ರಂಪ್ ತಮ್ಮ ಕೈ ಎತ್ತಿ ತೋರಿಸಿ, ಇವು ಚಿಕ್ಕವಾ ನೋಡಿ ಅಂತ ಕೇಳಿ, ಅದರ ಮುಂದೆ ಇನ್ನೊಂದು ಮಾತು ಆಡಿದ್ದು. ಡಿಬೇಟ್ ಮುಗಿದ ಮೇಲೆ ಚಾನೆಲ್ ತಿರುಗಿಸುತ್ತಾ ಹೋದೆ, ಎಲ್ಲಿ ನೋಡಿದರೂ ಕೈ. ಮರುದಿನ ಆಫೀಸಿನಲ್ಲಿ ಕಾಫಿ ತರೋಕೆ ಹೋದಾಗಲೂ ಅದೇ ಕೈ. ಅಮ್ಮನಿಗೆ ಏನು ಹೇಳಲಿ? "ಜಾಸ್ತಿ ಏನೂ ಹೇಳಲಿಲ್ಲಮ್ಮ" ಅಂದೆ. "ಇಷ್ಟು ಹೊತ್ತು ಏನು ಮಾತಾಡಿದ್ರು ಮತ್ತೆ?" ಅಂದಳು. ಎದ್ದು ಟಿವಿ ಆರಿಸಿದೆ.

ಭಾನುವಾರ, ಫ್ಲಿಂಟ್‌ನಲ್ಲಿ

ಮೂರು ದಿನ ಬಿಟ್ಟು, ಮಾರ್ಚ್ 6ರ ಭಾನುವಾರ, ಡೆಮಾಕ್ರಾಟ್‌ಗಳ ಡಿಬೇಟ್ ಫ್ಲಿಂಟ್‌ನಲ್ಲೇ ನಡೆಯಿತು. ಹಿಲರಿ ಕ್ಲಿಂಟನ್ ಮತ್ತು ಬರ್ನಿ ಸ್ಯಾಂಡರ್ಸ್ ಇಬ್ಬರೇ. ಅಮ್ಮ ಆ ಊರಿನ ಹೆಸರನ್ನು ಗುರುತು ಹಿಡಿದಳು, "ಅದೇ ಊರಲ್ವಾ" ಅಂತ ಮುಂದೆ ಬಂದು ಕೂತಳು. ಈ ಸಲ ನಾನು ಕನ್ನಡದಲ್ಲಿ ಹೇಳುತ್ತಾ ಹೋದೆ.

ಆ ಡಿಬೇಟ್‌ನಲ್ಲಿ ಮೊದಲ ಪ್ರಶ್ನೆಗಳನ್ನು ಕೇಳಿದವರು ಆ ಊರಿನವರೇ. ಅವರಲ್ಲಿ ಒಬ್ಬ ತಾಯಿ ಎದ್ದು ನಿಂತು ಕೇಳಿದ ಪ್ರಶ್ನೆ ನನಗೆ ಈಗಲೂ ಚೆನ್ನಾಗಿ ನೆನಪಿದೆ. ನೀವು ಅಧ್ಯಕ್ಷರಾದರೆ ಮೊದಲ 100 ದಿನದಲ್ಲಿ, ಇಡೀ ದೇಶದಲ್ಲಿ ನೀರು ಪೂರೈಸುವವರೆಲ್ಲ ಸೀಸದ ಪೈಪುಗಳನ್ನು ತೆಗೆಯಲೇಬೇಕು ಅಂತ ಕಡ್ಡಾಯ ಮಾಡುತ್ತೀರಾ, ನನಗೆ ಮಾತು ಕೊಡಿ ಅಂದಳು. ಎಷ್ಟು ದಿನದಲ್ಲಿ, ಯಾರು, ಏನು ಮಾಡಬೇಕು ಎಲ್ಲವೂ ಆ ಪ್ರಶ್ನೆಯೊಳಗೇ ಇತ್ತು. ಸ್ಯಾಂಡರ್ಸ್, ದೇಶದ ಎಲ್ಲ ಊರಿನ ನೀರನ್ನೂ ಪರೀಕ್ಷೆ ಮಾಡಿಸಿ ಅಲ್ಲಿನ ಜನರಿಗೆ ತಿಳಿಸುತ್ತೇನೆ ಅಂದರು. ಕ್ಲಿಂಟನ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಐದು ವರ್ಷದಲ್ಲಿ ಸೀಸವನ್ನೇ ತೆಗೆಸುವ ಗುರಿ ಇಟ್ಟುಕೊಳ್ಳೋಣ ಅಂದರು. ಆ ತಾಯಿಗೆ ಆ ಉತ್ತರಗಳು ಸಮಾಧಾನ ತರಲಿಲ್ಲ ಅಂತ ಆಮೇಲೆ ಓದಿದೆ. ನನಗೆ ಅದೂ ಸರಿ ಅನಿಸಿತು. ಕೇಳಿದ್ದು 100 ದಿನ, ಸಿಕ್ಕಿದ್ದು ಐದು ವರ್ಷ. ಆದರೆ ಕಡೇಪಕ್ಷ ಒಬ್ಬ ಮತದಾರನಾಗಿ ನನಗೆ ಅಳೆಯೋಕೆ ಒಂದು ಅಳತೆ ಸಿಕ್ಕಿತು. ಇವರು ಇಷ್ಟು ಹೇಳಿದರು, ಅವರು ಅಷ್ಟು ಹೇಳಿದರು ಅಂತ ಅಮ್ಮನಿಗೆ ಹೇಳೋಕೆ ಏನೋ ಇತ್ತು.

ಅವತ್ತು ಡಿಬೇಟ್ ಮುಗಿದ ಮೇಲೆ ನಾನು ಬೇಸ್‌ಮೆಂಟಿಗೆ ಇಳಿದೆ. ನಮ್ಮದು 1962ರಲ್ಲಿ ಕಟ್ಟಿದ ಮನೆ. ಬೀದಿಯಿಂದ ನೀರು ಒಳಗೆ ಬರೋ ಪೈಪು ಬೇಸ್‌ಮೆಂಟಿನ ಗೋಡೆಯಿಂದ ಹೊರಬಂದು ಮೀಟರಿಗೆ ಸೇರುತ್ತೆ. ಸೀಸವೋ ಅಲ್ಲವೋ ಅಂತ ತಿಳಿಯೋಕೆ ದೊಡ್ಡ ಸಾಮಾನೇನೂ ಬೇಡ. ಒಂದು ಬೀಗದ ಕೈ, ಒಂದು ಅಯಸ್ಕಾಂತ. ಪೈಪನ್ನು ಮೆಲ್ಲಗೆ ಕೆರೆದರೆ ಸೀಸ ಮೆತ್ತಗಿರುತ್ತೆ, ಕೆರೆದ ಜಾಗ ಬೆಳ್ಳಿ ಥರ ಹೊಳೆಯುತ್ತೆ, ಅಯಸ್ಕಾಂತ ಹಿಡಿಯೋದಿಲ್ಲ. ಉಕ್ಕಾದರೆ ಹಿಡಿಯುತ್ತೆ. ತಾಮ್ರವಾದರೆ ಕೆರೆದ ಜಾಗ ಹೊಸ ಪೆನ್ನಿ ನಾಣ್ಯದ ಬಣ್ಣ. ಅಮ್ಮ ಮೆಟ್ಟಿಲ ಮೇಲೆ ಕೂತು ಮೊಬೈಲ್ ಟಾರ್ಚ್ ಹಿಡಿದಿದ್ದಳು. ನಾನು ಫ್ರಿಜ್ಜಿನ ಬಾಗಿಲಿಂದ ಕಿತ್ತುಕೊಂಡ ಅಯಸ್ಕಾಂತ ಇಟ್ಟು ನೋಡಿದೆ, ಜಾರಿ ಬಿತ್ತು. ಎದೆ ಧಸಕ್ಕೆಂದಿತು. ಕೆರೆದೆ. ಕಿತ್ತಳೆ ಛಾಯೆಯ ಕಂದು, ತಾಮ್ರ. ಆದರೂ 1986ಕ್ಕಿಂತ ಹಿಂದಿನ ಮನೆಗಳಲ್ಲಿ ಪೈಪು ಕೂಡಿಸಿದ ಬೆಸುಗೆಯಲ್ಲಿ ಸೀಸ ಇರಬಹುದು. ಅಮ್ಮ ಕೇಳಿದಳು, "ಮಗೂಗೆ ಈ ನೀರಲ್ಲಿ ಹಾಲು ಕಲಸಬೌದಾ?" ಫಿಲ್ಟರ್ ಹಾಕೋಣ ಅಂದೆ. ಮರುದಿನವೇ ಹಾಕಿಸಿದೆ.

ಒಂದು ಒಳ್ಳೆ ಪ್ರಶ್ನೆ ಅಂದರೆ ನನಗೆ ಇದು. ಟಿವಿಯಲ್ಲಿ ಯಾರೋ ಯಾರನ್ನೋ ಕೇಳಿದ್ದು, ನನ್ನನ್ನು ರಾತ್ರಿ ಹನ್ನೊಂದಕ್ಕೆ ನಮ್ಮ ಮನೆಯ ಪೈಪಿನ ಮುಂದೆ ಮಂಡಿಯೂರಿ ಕೂರಿಸಿತು.

ಗೆದ್ದವರು ಯಾರು ಅನ್ನೋ ಲೆಕ್ಕ

ಸೋಮವಾರ ಬೆಳಿಗ್ಗೆ ನೋಡಿದರೆ ಸುದ್ದಿ ಬೇರೆಯೇ. ಡಿಬೇಟ್‌ನ ನಡುವೆ ಕ್ಲಿಂಟನ್ ಮಧ್ಯೆ ಬಾಯಿ ಹಾಕಿದಾಗ ಸ್ಯಾಂಡರ್ಸ್ "ನಾನು ಮಾತಾಡ್ತಾ ಇದ್ದೀನಿ" ಅಂತ ತಡೆದಿದ್ದರು. ಅದೇ ತುಣುಕು ಮತ್ತೆ ಮತ್ತೆ. ಒರಟಾಗಿ ಮಾತಾಡಿದರಾ, ಇದರಿಂದ ಮಹಿಳೆಯರ ಓಟು ತಪ್ಪುತ್ತಾ ಅಂತ ನಾಲ್ಕು ಜನ ಕೂತು ಚರ್ಚೆ. ಪೈಪಿನ ಪ್ರಶ್ನೆ ಕೇಳಿದ ತಾಯಿಯನ್ನು ನಾನು ಆ ಬೆಳಿಗ್ಗೆ ನೋಡಿದ ಒಂದು ಚಾನೆಲ್ಲೂ ತೋರಿಸಲಿಲ್ಲ.

ಅದೇ ಡಿಬೇಟ್‌ನಲ್ಲಿ ನನ್ನ ಹೊಟ್ಟೆಪಾಡಿನ ವಿಷಯವೂ ಬಂದಿತ್ತು. ನಾನು ಕಾರಿನ ಬಿಡಿಭಾಗ ಮಾಡೋ ಕಂಪನಿಯಲ್ಲಿ ಎಂಜಿನಿಯರ್. 2009ರಲ್ಲಿ ಕ್ರೈಸ್ಲರ್, ಜನರಲ್ ಮೋಟರ್ಸ್ ಎರಡೂ ಒಂದರ ಹಿಂದೆ ಒಂದು ದಿವಾಳಿ ಕೋರ್ಟಿಗೆ ಹೋದಾಗ ನಮ್ಮ ಕಡೆ ಯಾರ ಮನೆಯಲ್ಲೂ ನಿದ್ದೆಯಿರಲಿಲ್ಲ. ನಮ್ಮ ವಿಭಾಗದಲ್ಲಿ ಅರ್ಧಕ್ಕರ್ಧ ಜನರನ್ನು ಕಳಿಸಿದ್ದರು. ಹಾಗಾಗಿ ಕ್ಲಿಂಟನ್, ಕಾರು ಉದ್ಯಮವನ್ನು ಉಳಿಸಿದ ಹಣದ ವಿರುದ್ಧ ಸ್ಯಾಂಡರ್ಸ್ ಓಟು ಹಾಕಿದರು ಅಂದಾಗ ನಾನು ನೆಟ್ಟಗೆ ಕೂತೆ. ಅವರು ಹೇಳಿದ್ದು ನಿಜವಾ? ಮರುದಿನ ಟಿವಿಯವರು ಹೇಳಿದ್ದು ಇಷ್ಟು: ಅದು ಬಲವಾದ ಏಟು, ಮಿಷಿಗನ್‌ನಲ್ಲಿ ಕೆಲಸ ಮಾಡುತ್ತೆ. ಏಟು ಸರಿ, ಆದರೆ ಮಾತು ನಿಜವಾ ಸುಳ್ಳಾ? ನನಗೆ ಬೇಕಾಗಿದ್ದು ಅದು.

ಸೋಮವಾರ ರಾತ್ರಿ ಮಗು ಮಲಗಿದ ಮೇಲೆ ನಾನೇ ಹುಡುಕಿದೆ. ಅದರಲ್ಲಿ ಎರಡು ಓಟುಗಳಿವೆ. 2008ರ ಡಿಸೆಂಬರ್‌ನಲ್ಲಿ ಕಾರು ಕಂಪನಿಗಳಿಗೇ ಅಂತ ಒಂದು ಮಸೂದೆ ಸೆನೆಟ್‌ಗೆ ಬಂತು. ಸ್ಯಾಂಡರ್ಸ್ ಅದರ ಪರ, ಕ್ಲಿಂಟನ್ ಕೂಡ ಪರ. ಸಾಕಷ್ಟು ಓಟು ಸಿಗದೆ ಅದು ಅಲ್ಲೇ ನಿಂತಿತು. 2009ರ ಜನವರಿಯಲ್ಲಿ ಬಂದದ್ದು ಬೇರೆ, ಬ್ಯಾಂಕುಗಳನ್ನು ಉಳಿಸೋ ಹಣದ ಎರಡನೇ ಕಂತು, 350 ಬಿಲಿಯನ್ ಡಾಲರ್. ಸ್ಯಾಂಡರ್ಸ್ ಅದನ್ನು ವಿರೋಧಿಸಿದರು, ಕ್ಲಿಂಟನ್ ಒಪ್ಪಿದರು. ಮುಂದೆ ಆ ಹಣದ ಒಂದು ಭಾಗ ಕಾರು ಕಂಪನಿಗಳಿಗೆ ಹೋಯಿತು. ಅಂದರೆ ಕ್ಲಿಂಟನ್ ಹೇಳಿದ್ದು ಪೂರ್ತಿ ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ. ಇಷ್ಟನ್ನು ಹೇಳೋಕೆ ಟಿವಿಯವರಿಗೆ ಎರಡು ನಿಮಿಷ ಸಾಕಿತ್ತು. ಓಟು ಹಾಕಲು ಒಂದೇ ದಿನ ಉಳಿದಿದ್ದ ಒಬ್ಬ ಕಾರ್ಖಾನೆ ಕೆಲಸಗಾರನಿಗೆ ಆ ಎರಡು ನಿಮಿಷ ಎಷ್ಟು ಬೆಲೆಬಾಳುತ್ತಿತ್ತು!

ಯಾಕೆ ಹೀಗೆ ಅಂತ ತುಂಬಾ ಯೋಚಿಸಿದ್ದೇನೆ. ಹಣ ಒಂದು ಕಾರಣ, ಅದನ್ನು ಯಾರೂ ಮುಚ್ಚಿಟ್ಟೂ ಇಲ್ಲ. 2015ರ ಆಗಸ್ಟ್‌ನಲ್ಲಿ ರಿಪಬ್ಲಿಕನ್ನರ ಮೊದಲ ಡಿಬೇಟನ್ನು ಸುಮಾರು 2 ಕೋಟಿ 40 ಲಕ್ಷ ಜನ ನೋಡಿದರು. ಅಷ್ಟು ಜನ ಸೇರೋ ಜಾತ್ರೆಯನ್ನು ಯಾವ ಚಾನೆಲ್ ಬಿಡುತ್ತೆ? ಆಗ ಸಿಬಿಎಸ್ ಅನ್ನೋ ಟಿವಿ ಕಂಪನಿಯ ಮುಖ್ಯಸ್ಥರಾಗಿದ್ದ ಲೆಸ್ಲಿ ಮೂನ್ವೆಸ್, ಈ ಚುನಾವಣೆ ಅಮೆರಿಕಕ್ಕೆ ಒಳ್ಳೇದಲ್ಲದೆ ಇರಬಹುದು, ಸಿಬಿಎಸ್‌ಗೆ ಮಾತ್ರ ತುಂಬಾ ಒಳ್ಳೇದು ಅಂತ ಬಾಯಿಬಿಟ್ಟೇ ಹೇಳಿದ್ದರು. ಆದರೆ ಹಣವೊಂದೇ ಅಲ್ಲ ಅಂತ ನನಗನಿಸುತ್ತೆ. ಗೆಲುವು ಸೋಲಿನ ಮಾತು ಸುಲಭ. ಅದಕ್ಕೆ ಹಳೇ ಓಟುಗಳನ್ನು ಹುಡುಕಬೇಕಿಲ್ಲ, ಪೈಪು ಎಷ್ಟು ಮೈಲಿ ಅಂತ ಗೊತ್ತಿರಬೇಕಿಲ್ಲ. ನೋಡಿದವರೆಲ್ಲ ಹೇಳಬಹುದು. ನಮ್ಮೂರಿನ ಚಾನೆಲ್‌ಗಳಲ್ಲೂ ಇದೇ ಅಲ್ವಾ? ಚುನಾವಣೆ ಬಂದರೆ ಯಾವ ಕ್ಷೇತ್ರದಲ್ಲಿ ಯಾರಿಗೆ ಯಾರು ಎದುರಾಳಿ, ಯಾವ ಜಾತಿಯ ಓಟು ಎಷ್ಟು, ಯಾರು ಯಾರಿಗೆ ಕೈ ಕೊಟ್ಟರು. ಆ ತಾಲ್ಲೂಕಿನಲ್ಲಿ ಕೊಳವೆಬಾವಿ ಎಷ್ಟು ಆಳಕ್ಕೆ ಹೋಗಿದೆ ಅಂತ ಕೇಳೋರಿಲ್ಲ.

ಇದಕ್ಕಿಂತ ಹೆಚ್ಚು ನೋವಾಗಿದ್ದು ಮಂಗಳವಾರ, ಮಾರ್ಚ್ 8ಕ್ಕೆ. ಮಿಷಿಗನ್‌ನಲ್ಲಿ ಕ್ಲಿಂಟನ್ ಸುಮಾರು 20 ಪಾಯಿಂಟ್ ಮುಂದಿದ್ದಾರೆ ಅಂತ ವಾರಗಟ್ಟಲೆ ಸಮೀಕ್ಷೆಗಳು ಹೇಳಿದ್ದವು. ಲೆಕ್ಕ ಹಾಕುವವರು ಅವರ ಗೆಲುವಿನ ಸಾಧ್ಯತೆ ನೂರಕ್ಕೆ 99ಕ್ಕಿಂತ ಜಾಸ್ತಿ ಅಂದಿದ್ದರು. ನನ್ನ ಜೊತೆ ಫ್ಲಿಂಟ್‌ಗೆ ನೀರು ಹೊತ್ತುಕೊಂಡು ಬಂದಿದ್ದ ಗೆಳೆಯನೇ, "ಆಗಲೇ ಮುಗಿದಿದೆಯಲ್ಲೋ, ಹೋಗಿ ಏನು ಮಾಡೋದು" ಅಂತ ಓಟು ಹಾಕಲಿಲ್ಲ. ನಾನು ಸಂಜೆ ಕೆಲಸ ಮುಗಿಸಿ ಶಾಲೆಯ ಜಿಮ್ಮಿಗೆ ಹೋದೆ. ಇಲ್ಲಿ ಮೊದಲೇ ಪಕ್ಷಕ್ಕೆ ಹೆಸರು ಬರೆಸಬೇಕಿಲ್ಲ, ಅಲ್ಲೇ ಯಾವ ಪಕ್ಷದ ಮತಪತ್ರ ಬೇಕು ಅಂತ ಹೇಳಿದರೆ ಕೊಡುತ್ತಾರೆ. ಅಂಡಾಕಾರದ ಗುರುತನ್ನು ಕಪ್ಪು ಮಾಡಿ ಯಂತ್ರಕ್ಕೆ ಹಾಕಿದೆ. ರಾತ್ರಿ ಎಣಿಕೆ ಮುಗಿಯುವ ಹೊತ್ತಿಗೆ ಗೆದ್ದವರು ಸ್ಯಾಂಡರ್ಸ್. ಸುಮಾರು 12 ಲಕ್ಷ ಓಟುಗಳಲ್ಲಿ 17 ಸಾವಿರದ ಅಂತರ. ನಾನು ಯಾರಿಗೆ ಹಾಕಿದೆ ಅನ್ನೋದು ಇಲ್ಲಿ ಬೇಡ. ಆದರೆ ಗೆಳೆಯ ಮರುದಿನ ಫೋನ್ ಮಾಡಿ ಐದು ನಿಮಿಷ ಏನೂ ಮಾತಾಡಲಿಲ್ಲ. ಅವನಂಥವರು ಎಷ್ಟು ಜನ ಮನೆಯಲ್ಲಿ ಕೂತಿದ್ದರೋ. ಅವರನ್ನು ಯಾರೂ ತಡೆದಿರಲಿಲ್ಲ. ಮುಗಿದು ಹೋಗಿದೆ ಅಂತ ಹೇಳಿದ್ದರು, ಅಷ್ಟೇ.

ಮತ್ತೆ ಅದೇ ಥಿಯೇಟರ್

2019ರ ಜುಲೈ 30 ಮತ್ತು 31ಕ್ಕೆ ಡೆಮಾಕ್ರಾಟ್‌ಗಳ ಡಿಬೇಟ್ ಅದೇ ಫಾಕ್ಸ್ ಥಿಯೇಟರ್‌ಗೆ ಬಂತು. 20 ಜನ, ದಿನಕ್ಕೆ ಹತ್ತು. ಯಾರು ಯಾವ ರಾತ್ರಿ ನಿಲ್ಲಬೇಕು ಅಂತ ಚೀಟಿ ಎತ್ತೋದನ್ನೂ ಸಿಎನ್‌ಎನ್ ಅದಕ್ಕೂ ಮುಂಚೆ ನೇರ ಪ್ರಸಾರ ಮಾಡಿತ್ತು. ಒಂದು ಉತ್ತರಕ್ಕೆ 60 ಸೆಕೆಂಡ್. ಆಸ್ಪತ್ರೆ ವಿಮೆಯಂಥ ವಿಷಯವನ್ನು 60 ಸೆಕೆಂಡಿನಲ್ಲಿ ಯಾರು ಹೇಳೋಕಾಗುತ್ತೆ? ನಮ್ಮ ಮನೆಯ ವಿಮೆಯ ಬಿಲ್ಲನ್ನು ಹೆಂಡತಿಗೆ ವಿವರಿಸೋಕೇ ನನಗೆ ಅರ್ಧ ಗಂಟೆ ಬೇಕು.

ಮೊದಲ ರಾತ್ರಿ ಫ್ಲಿಂಟ್ ಬಗ್ಗೆ ಪ್ರಶ್ನೆ ಬಂತು. ಮೇರಿಯನ್ ವಿಲಿಯಮ್ಸನ್ ಅನ್ನೋ ಲೇಖಕಿ ಉತ್ತರ ಕೊಟ್ಟರು. ಅವರನ್ನು ಯಾರೂ ಗೆಲ್ಲೋ ಕುದುರೆ ಅಂತ ಲೆಕ್ಕಕ್ಕೆ ಇಟ್ಟಿರಲಿಲ್ಲ, ನಾನೂ ಇಟ್ಟಿರಲಿಲ್ಲ. ಆದರೆ ಅವರು ಹೇಳಿದ ಒಂದು ಮಾತು ಇಲ್ಲಿ ವರ್ಷಾನುಗಟ್ಟಲೆ ಇರೋರಿಗೆಲ್ಲ ಗೊತ್ತಿರೋ ಸತ್ಯ. ನಾನು ಗ್ರೋಸ್ ಪಾಯಿಂಟ್‌ನಲ್ಲಿ ಇದ್ದವಳು, ಫ್ಲಿಂಟ್‌ನಲ್ಲಿ ಆದದ್ದು ಗ್ರೋಸ್ ಪಾಯಿಂಟ್‌ನಲ್ಲಿ ಆಗುತ್ತಿರಲಿಲ್ಲ ಅಂದರು. ಗ್ರೋಸ್ ಪಾಯಿಂಟ್ ಅಂದರೆ ಡೆಟ್ರಾಯಿಟ್ ಪಕ್ಕದ ಸಿರಿವಂತರ ಊರು. 2014ರ ಏಪ್ರಿಲ್‌ನಲ್ಲಿ ದುಡ್ಡು ಉಳಿಸೋಕೆ ಅಂತ ನದಿ ನೀರಿಗೆ ಬದಲಾಯಿಸಿ, ಪೈಪು ತುಕ್ಕು ಹಿಡಿಯದ ಹಾಗೆ ಬೆರೆಸಬೇಕಾದ್ದನ್ನೂ ಬೆರೆಸದೆ, ಜನ ಕಂದು ನೀರಿನ ಬಾಟಲಿ ಹಿಡಿದುಕೊಂಡು ಬಂದು ಕೂಗಿದರೂ 2015ರ ಅಕ್ಟೋಬರ್‌ವರೆಗೆ ಹಾಗೇ ಬಿಡೋದು ಆ ಊರಿನಲ್ಲಿ ಸಾಧ್ಯವಿತ್ತಾ? ಥಿಯೇಟರ್‌ನಲ್ಲಿ ಚಪ್ಪಾಳೆ ಬಿತ್ತು. ನಾನೂ ಮನೆಯಲ್ಲಿ ತಟ್ಟಿದೆ.

ಅದೇ ಉತ್ತರದಲ್ಲಿ ಅವರು, ದೇಶದಲ್ಲಿ ಎದ್ದಿರೋ ದ್ವೇಷವನ್ನು ಕತ್ತಲ ಮನಃಶಕ್ತಿ ಅನ್ನೋ ಅರ್ಥದ ವಿಚಿತ್ರವಾದ ಮಾತಿನಲ್ಲಿ ಕರೆದರು. ಅಷ್ಟೇ ಸಾಕಾಯಿತು. ಮರುದಿನ ಫೋನಿನ ತುಂಬಾ ಅದೇ ಮಾತು, ಅದರ ಮೇಲೆ ಚಿತ್ರ, ಚಿತ್ರದ ಮೇಲೆ ನಗು. ಗ್ರೋಸ್ ಪಾಯಿಂಟ್‌ನ ಮಾತು ಎಲ್ಲೋ ಅಡಿಯಲ್ಲಿ ಸಿಕ್ಕಿಹಾಕಿಕೊಂಡಿತು. ನನಗೆ ತುಂಬಾ ಸಿಟ್ಟು ಬಂತು. ನಗೋದು ತಪ್ಪು ಅಂತಲ್ಲ. ಫ್ಲಿಂಟ್‌ನ ಜನ ಆಗಲೂ ಬಾಟಲಿ ನೀರನ್ನೇ ನಂಬಿದ್ದರು, ಅವರ ಮಾತು ಅಪರೂಪಕ್ಕೆ ಆ ವೇದಿಕೆಗೆ ಬಂದಿತ್ತು, ಅದೂ ಒಂದು ದಿನ ಉಳಿಯಲಿಲ್ಲ.

ಆವಾಗಿನಿಂದ ಒಂದು ಅಭ್ಯಾಸ ಮಾಡಿಕೊಂಡಿದ್ದೇನೆ. ಡಿಬೇಟ್ ಮುಗಿದ ಕೂಡಲೇ, ಯಾರು ಗೆದ್ದರು ಅಂತ ಚರ್ಚೆ ಮಾಡೋರ ಆ ನಾಲ್ಕು ಕುರ್ಚಿಗಳು ಕಾಣಿಸೋ ಮೊದಲೇ ಟಿವಿ ಆರಿಸುತ್ತೇನೆ. ಮರುದಿನ ಪೂರ್ತಿ ಮಾತುಗಳ ಬರಹ ಸಿಗುತ್ತೆ, ಅದನ್ನು ಓದುತ್ತೇನೆ. ಓದೋಕೆ ಮೊದಲು ಅದರಲ್ಲಿ ನೀರು ಅನ್ನೋ ಪದ ಎಷ್ಟು ಸಲ ಇದೆ ಅಂತ ಹುಡುಕುತ್ತೇನೆ. ಇದರಿಂದ ಅಭ್ಯರ್ಥಿಗಳ ಬಗ್ಗೆ ಎಲ್ಲವೂ ತಿಳಿಯುತ್ತೆ ಅಂತ ನಾನು ಹೇಳೋದಿಲ್ಲ. ಕೆಲವು ಸಲ ಒಂದೂ ಇರೋದಿಲ್ಲ. ಆದರೆ ಬರಹದಲ್ಲಿ ಯಾರ ಕೈಯೂ ಕಾಣೋದಿಲ್ಲ, ಯಾರು ಬೆವರಿದರು ಅಂತಲೂ ಇರೋದಿಲ್ಲ. ಹೇಳಿದ್ದು ಮಾತ್ರ ಇರುತ್ತೆ. ಮುಖ ನೋಡಿ ಸಿಟ್ಟಾಗಿದ್ದವರ ಮಾತು ಓದುವಾಗ ಸರಿ ಅನಿಸಿದ್ದೂ ಉಂಟು. 2020ರ ಮಾರ್ಚ್ 10ಕ್ಕೆ ನಮ್ಮ ಪ್ರೈಮರಿ ಬಂದಾಗ ನಾನು ಆ ಬರಹಗಳ ಮೇಲೆ ಗೆರೆ ಎಳೆದುಕೊಂಡ ಹಾಳೆಗಳನ್ನು ಜೇಬಿನಲ್ಲಿಟ್ಟುಕೊಂಡೇ ಹೋಗಿದ್ದೆ. ಅವತ್ತೇ ರಾತ್ರಿ ಮಿಷಿಗನ್‌ನಲ್ಲಿ ಮೊದಲ ಕೊರೋನಾ ಪ್ರಕರಣಗಳ ಸುದ್ದಿ ಬಂತು, ಆಮೇಲೆ ಎಷ್ಟೋ ದಿನ ಚುನಾವಣೆಯ ಮಾತು ಯಾರಿಗೂ ಬೇಕಾಗಲಿಲ್ಲ.

2024ರ ಅಕ್ಟೋಬರ್ 8. ಚುನಾವಣೆಗೆ ಸರಿಯಾಗಿ ನಾಲ್ಕು ವಾರ. ದೇಶದ ಹೆಚ್ಚುಕಡಿಮೆ ಎಲ್ಲ ಸೀಸದ ನೀರಿನ ಪೈಪುಗಳನ್ನೂ 10 ವರ್ಷದೊಳಗೆ ತೆಗೆಯಬೇಕು ಅನ್ನೋ ನಿಯಮ ಅವತ್ತು ಹೊರಬಿತ್ತು. ಫ್ಲಿಂಟ್‌ನ ಆ ತಾಯಿ ಕೇಳಿದ್ದು ಅದನ್ನೇ. ಕೇಳಿ ಎಂಟೂವರೆ ವರ್ಷ ಆಗಿತ್ತು. ಸಂಜೆ ಟಿವಿ ಹಾಕಿದರೆ ಫ್ಲೋರಿಡಾ ಕಡೆ ಬರುತ್ತಿದ್ದ ಚಂಡಮಾರುತ, ಅದು ಬಿಟ್ಟರೆ ಯಾವ ರಾಜ್ಯದಲ್ಲಿ ಯಾರು ಎಷ್ಟು ಪಾಯಿಂಟ್ ಮುಂದೆ. ನಾನು ನೋಡಿದ ಒಂದು ಗಂಟೆಯಲ್ಲಿ ಪೈಪಿನ ಮಾತು ಬರಲಿಲ್ಲ.

ಅಮ್ಮನಿಗೆ ವಾಟ್ಸಾಪ್‌ನಲ್ಲಿ ಫೋನ್ ಮಾಡಿದೆ. ಊರಲ್ಲಿ ಬೆಳಗಾಗಿತ್ತು, ಅವಳು ನೀರಿನ ಕ್ಯಾನ್ ತುಂಬಿಸಿಕೊಂಡು ಆಗಷ್ಟೇ ಬಂದಿದ್ದಳು. ವಿಷಯ ಹೇಳಿದೆ.

"ಹತ್ತು ವರ್ಷಾನಾ?" ಅಂದಳು. ಸ್ವಲ್ಪ ಹೊತ್ತು ಬಿಟ್ಟು, "ಯಾರು ಮಾಡಿದ್ದು? ಆವತ್ತು ಟಿವಿಲಿ ನಿಂತಿದ್ರಲ್ಲ, ಅವರಾ?"

"ಅಲ್ಲಮ್ಮ. ಈಗ ಬೈಡನ್ ಅಂತ ಇದ್ದಾರೆ. ಅವರು ಆವತ್ತು ಅಲ್ಲಿರಲಿಲ್ಲ."

"ಮತ್ತೆ ಎದ್ದು ನಿಂತು ಕೇಳಿದ್ಲಲ್ಲ, ಆಯಮ್ಮ," ಅಂದಳು, "ಆಯಮ್ಮಂಗೆ ಗೊತ್ತಾಯ್ತಂತಾ?"